ಗಿಡ್ಡ ಮೂಗಿನ ಮಿಯಾಟಾ

ನನ್ನ ಹಳೆ ಮಿಯಾಟಾ ಕಾರಿನ ಬಾನೆಟ್ ಒಳಗೆ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದುಕೊಂಡು ಬಗ್ಗಿದ್ದೆ. ಎಂಜಿನ್ ಓಡುತ್ತಿತ್ತು. ಲೈಟ್ ಮಿನುಗಿದಾಗಲೆಲ್ಲ ಕ್ರ್ಯಾಂಕ್ ಪುಲ್ಲಿಯ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿನ ತುದಿಯ ಗಾಲಿಯ, ಮೇಲಿನ ಗೀರು ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣಬೇಕು. ಅದು ನಿಲ್ಲುತ್ತಿರಲಿಲ್ಲ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಕ್ರ್ಯಾಂಕ್ ಇನ್ನೆಷ್ಟು ಡಿಗ್ರಿ ತಿರುಗಬೇಕಿರುವಾಗ ಕಿಡಿ ಹಾರುತ್ತದೆ ಅಂತ ಆ ಗೀರು ಹೇಳುತ್ತದೆ. 6 ಡಿಗ್ರಿಗೆ ಬಂದು, ಸ್ವಲ್ಪ ನಡುಗಿ, 4ಕ್ಕೆ ಜಾರುತ್ತಿತ್ತು. ಆಕ್ಸಿಲರೇಟರ್ ಕೇಬಲ್ ಸ್ವಲ್ಪ ಎಳೆದು ಬಿಟ್ಟರೆ ಮತ್ತೆ 6. ಎರಡು ವಾರದ ಹಿಂದೆ ನಾನೇ ಅದನ್ನು 10ಕ್ಕೆ ಸೆಟ್ ಮಾಡಿ ಬೋಲ್ಟ್ ಬಿಗಿ ಮಾಡಿದ್ದೆ.

ಎಂಜಿನ್ ಆಫ್ ಮಾಡಿದೆ. ಟಾರ್ಚ್ ಹಾಕಿ ಪುಲ್ಲಿಯ ನಡುವಿನ ಭಾಗ ನೋಡಿದೆ. ಅದರ ಸುತ್ತ ಇರುವ ಕಿಂಡಿಗಳನ್ನು ಎಣಿಸಿದೆ. ನಾಲ್ಕು. ಎಂಟು ಇದ್ದಿದ್ದರೆ ನೆಮ್ಮದಿಯಾಗಿ ಮಲಗಬಹುದಿತ್ತು.

ಕಾರು 1990ರ ಮಜ್ದಾ ಮಿಯಾಟಾ. ಮರಿನರ್ ಬ್ಲೂ ಅನ್ನುವ ನೀಲಿ ಬಣ್ಣ, ಐದು ಗೇರ್, ಕಪ್ಪು ಬಟ್ಟೆಯ ಮೇಲ್ಛಾವಣಿ, ಬಟನ್ ಒತ್ತಿದರೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟುಗಳು. ಈ ಕಾರನ್ನು 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ತೋರಿಸಿದರು. ಜಪಾನಿನಲ್ಲಿ ಇದರ ಹೆಸರು ಯೂನೋಸ್ ರೋಡ್‌ಸ್ಟರ್. ಇದನ್ನು ರೂಪಿಸಿದ ತಂಡದ ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್. ಕುದುರೆಯೂ ಸವಾರನೂ ಒಂದೇ ದೇಹ ಆಗಬೇಕು ಅನ್ನುವ ಜಪಾನೀ ಮಾತು, ಜಿಂಬಾ ಇತ್ತಾಯ್, ಅವರ ಕೆಲಸಕ್ಕೆಲ್ಲ ಅಳತೆಗೋಲಾಗಿತ್ತು. 1597 ಸಿಸಿ, 116 ಹಾರ್ಸ್‌ಪವರ್, ಒಂದು ಟನ್‌ಗಿಂತ ಸ್ವಲ್ಪ ಕಡಿಮೆ ತೂಕ. ಕಾಗದದ ಮೇಲೆ ಇದು ದೊಡ್ಡ ಲೆಕ್ಕ ಅಲ್ಲ. ಓಡಿಸಿದವರಿಗೆ ಮಾತ್ರ ಗೊತ್ತು. ಸ್ಟೀರಿಂಗ್ ಹಿಡಿದ ಬೆರಳಿಗೆ ರಸ್ತೆಯ ಹರಳು ಹರಳೂ ಸಿಗುತ್ತದೆ.

ನಾನು ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಊರು ತಿಪಟೂರು ಕಡೆ. ಮಜ್ದಾ ತಗೊಂಡೆ ಅಂತ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಲಾರಿ ಯಾಕೆ ತಗೊಂಡೆ?’ ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ. ತೆಂಗಿನಕಾಯಿ ತುಂಬಿಕೊಂಡು ಹೋಗುವ ಸಣ್ಣ ಲಾರಿ, ಸ್ಕೂಲ್ ಮಕ್ಕಳ ವ್ಯಾನು. ಆ ಹೆಸರಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಒಂದು ನಂಬಿಕೆ ಇದೆ, ಅದಕ್ಕೆ ಕಾರಣ ಆ ಲಾರಿಗಳೇ.

ಕಾರಿನ ಮೀಟರ್ 1,38,000 ಮೈಲಿ ತೋರಿಸುತ್ತಿತ್ತು. ಹಿಂದಿನ ಮಾಲೀಕರು ವಯಸ್ಸಾದವರು, ಬಿಲ್ಲುಗಳನ್ನೆಲ್ಲ ಒಂದು ಫೈಲ್‌ನಲ್ಲಿ ಜೋಡಿಸಿಟ್ಟಿದ್ದರು. ಅದರಲ್ಲಿ ಒಂದು ಬಿಲ್ಲು ಟೈಮಿಂಗ್ ಬೆಲ್ಟ್‌ನದು, ಅಂದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್‌ಗಳನ್ನು ಕ್ರ್ಯಾಂಕ್ ಜೊತೆ ತಿರುಗಿಸುವ ಬೆಲ್ಟ್. ಬೆಲ್ಟ್ ಜೊತೆಗೆ ಎಣ್ಣೆ ಸೋರದ ಹಾಗೆ ತಡೆಯುವ ಮುಂದಿನ ಕ್ರ್ಯಾಂಕ್ ಸೀಲ್ ಕೂಡ ಬದಲಿಸಿದ್ದಾರೆ ಅಂತ ಬರೆದಿತ್ತು. ಓದಿದಾಗ ಖುಷಿಯಾಗಿತ್ತು. ಸೀಲ್ ಬದಲಿಸಿದ್ದಾರೆ ಅಂದರೆ ಕ್ರ್ಯಾಂಕ್ ಪುಲ್ಲಿಯ ನಡುವಿನ ದೊಡ್ಡ ಬೋಲ್ಟ್ ಬಿಚ್ಚಿದ್ದಾರೆ ಅಂತಲೂ ಅರ್ಥ. ಅದು ನನಗೆ ಹೊಳೆದದ್ದು ಟೈಮಿಂಗ್ ಲೈಟ್ ಹಿಡಿದ ದಿನ.

ಗಿಡ್ಡ ಮೂಗು ಅಂದರೆ ಏನು

ಕ್ರ್ಯಾಂಕ್ ಶಾಫ್ಟ್‌ನ ಮುಂದಿನ ತುದಿಯನ್ನು ಇಲ್ಲಿಯವರು ಮೂಗು ಅನ್ನುತ್ತಾರೆ. ಆ ಮೂಗಿನ ಮೇಲೆ ಟೈಮಿಂಗ್ ಬೆಲ್ಟ್ ತಿರುಗಿಸುವ ಹಲ್ಲಿನ ಗಾಲಿ ಕೂರುತ್ತದೆ. ಅದರ ಮುಂದೆ ಬಾಸ್ ಅನ್ನುವ ಲೋಹದ ತುಂಡು, ಬಾಸ್‌ಗೆ ನಾಲ್ಕು ಸಣ್ಣ ಬೋಲ್ಟ್ ಹಾಕಿ ಪುಲ್ಲಿ. ಎಲ್ಲವನ್ನೂ ನಡುವಿನ ಒಂದೇ ದೊಡ್ಡ ಬೋಲ್ಟ್ ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಗಾಲಿ ಎಷ್ಟು ಡಿಗ್ರಿಯಲ್ಲಿ ಕೂರಬೇಕು ಅಂತ ಹೇಳುವುದಕ್ಕೆ ಮೂಗಿನಲ್ಲಿ ಒಂದು ಗಾಡಿ, ಅಂದರೆ ಉದ್ದನೆಯ ತೋಡು, ಕೊರೆದಿರುತ್ತಾರೆ, ಅದರಲ್ಲಿ ಒಂದು ಸಣ್ಣ ಉಕ್ಕಿನ ಕೀ.

1990ರ ಕಾರುಗಳಲ್ಲಿ ಮತ್ತು 1991ರ ಮೊದಮೊದಲ ಕಾರುಗಳಲ್ಲಿ ಈ ಮೂಗು ಗಿಡ್ಡ. ಗಾಲಿಗೂ ಬಾಸ್‌ಗೂ ಸಿಗುವ ಹಿಡಿತ ಕಡಿಮೆ. ಆಮೇಲೆ ಮಜ್ದಾ ಮೂಗನ್ನು ಉದ್ದ ಮಾಡಿತು, ಬೋಲ್ಟ್ ದಪ್ಪ ಮಾಡಿತು. ಹೊರಗಿನಿಂದ ಗುರುತು ಹಿಡಿಯುವುದು ಸುಲಭ. ನಾಲ್ಕು ಕಿಂಡಿ ಇದ್ದರೆ ಗಿಡ್ಡ, ಎಂಟು ಇದ್ದರೆ ಉದ್ದ.

ಗಿಡ್ಡ ಮೂಗಿನದ್ದೆಲ್ಲ ಕೆಡುತ್ತದೆ ಅಂತ ಅಲ್ಲ. ಯಾರೂ ಕೈ ಹಾಕದ ಎಂಜಿನ್ ಎರಡು ಲಕ್ಷ ಮೈಲಿ ಓಡಿರುವುದೂ ಇದೆ. ಕೆಡುವುದು ಸಾಮಾನ್ಯವಾಗಿ ಆ ಬೋಲ್ಟ್ ಬಿಚ್ಚಿ ಸರಿಯಾಗಿ ಬಿಗಿ ಮಾಡದೆ ಬಿಟ್ಟಾಗ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗಾಲಿಯನ್ನು ತಿರುಗಿಸುವ ಕೆಲಸ ಕೀಯದಲ್ಲ. ಬೋಲ್ಟ್ ಒತ್ತಿ ಹಿಡಿದಾಗ ಲೋಹಕ್ಕೂ ಲೋಹಕ್ಕೂ ಆಗುವ ಹಿಡಿತವೇ ಗಾಲಿಯನ್ನು ತಿರುಗಿಸುತ್ತದೆ. ಕೀ ಜಾಗ ತೋರಿಸುತ್ತದೆ ಅಷ್ಟೇ. ಬೋಲ್ಟ್ ಸಡಿಲವಾದ ಕೂಡಲೇ ಆ ಭಾರವೆಲ್ಲ ಕೀ ಮೇಲೆ ಬೀಳುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಸಲ ಏಟು. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ ನೂರು ಏಟು. ಸುತ್ತಿಗೆಯಿಂದ ಸೆಕೆಂಡಿಗೆ ನೂರು ಸಲ ಕುಟ್ಟಿದರೆ ಯಾವ ಉಕ್ಕು ತಾನೇ ತಡೆದೀತು?

ಮೊದಲ ಶನಿವಾರ: ಬಿಚ್ಚಿದ್ದು

ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ. ಜುಲೈನಲ್ಲಿ ಇಲ್ಲಿ ಹತ್ತು ಗಂಟೆಯ ಮೇಲೆ ಗ್ಯಾರೇಜ್ ಒಳಗೆ ನಿಲ್ಲುವುದಕ್ಕೆ ಆಗುವುದಿಲ್ಲ, ಮಂಗಳೂರಿನ ಮೇ ತಿಂಗಳ ಸೆಕೆ.

ಕೂಲೆಂಟ್ ಇಳಿಸಿದೆ. ಮುಂದೆ ಅಡ್ಡ ಹೋಗುವ ಗಾಳಿ ಪೈಪು, ರೇಡಿಯೇಟರ್ ಹೋಸುಗಳು, ರೇಡಿಯೇಟರ್, ಎರಡು ಬೆಲ್ಟು, ವಾಟರ್ ಪಂಪ್ ಪುಲ್ಲಿ, ವಾಲ್ವ್ ಕವರ್, ಸ್ಪಾರ್ಕ್ ಪ್ಲಗ್. ರೇಡಿಯೇಟರ್ ತೆಗೆಯದೆಯೂ ಈ ಕೆಲಸ ಆಗುತ್ತದೆ. ಆದರೆ ನಾಲ್ಕು ಬೋಲ್ಟ್ ಬಿಚ್ಚಿದರೆ ಒಬ್ಬ ಮನುಷ್ಯ ಕೂತು ಕೆಲಸ ಮಾಡುವಷ್ಟು ಜಾಗ ಸಿಗುತ್ತದೆ, ತೆಗೆಯುವುದೇ ಒಳ್ಳೆಯದು. ಬೋಲ್ಟುಗಳನ್ನೆಲ್ಲ ಒಂದು ರಟ್ಟಿನ ಮೇಲೆ ಎಂಜಿನ್ ಚಿತ್ರ ಬರೆದು, ಅದದೇ ಜಾಗದಲ್ಲಿ ಚುಚ್ಚಿಟ್ಟೆ. ಟೈಮಿಂಗ್ ಕವರ್ ಬೋಲ್ಟುಗಳಲ್ಲಿ ಉದ್ದ ಗಿಡ್ಡ ಇವೆ, ಅದಲು ಬದಲಾದರೆ ಕಷ್ಟ.

ಕವರ್ ತೆಗೆದ ಮೇಲೆ ಎಂಜಿನ್ ತಿರುಗಿಸಿ ಗುರುತುಗಳನ್ನು ನೋಡಿದೆ. ಕ್ಯಾಮ್ ಗಾಲಿಗಳ ಮೇಲೆ ಐ ಮತ್ತು ಇ ಅಂತ ಅಕ್ಷರಗಳಿವೆ. ಒಂದು ಇನ್‌ಟೇಕ್, ಒಂದು ಎಕ್ಸಾಸ್ಟ್. ಅವು ಹಿಂದಿನ ತಗಡಿನ ಗೀರಿಗೆ ಸರಿಯಾಗಿ ಕೂತಾಗ ಕೆಳಗೆ ಕ್ರ್ಯಾಂಕ್ ಗುರುತೂ ಕೂರಬೇಕು. ಮೇಲೆ ಸರಿ ಇತ್ತು. ಕೆಳಗೆ ಗಾಲಿಯ ಗುರುತೂ ಸರಿ ಇತ್ತು. ಆದರೆ ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಇಟ್ಟಿದ್ದ ಉದ್ದದ ಮರದ ಕಡ್ಡಿ ಇನ್ನೊಂದು ಕಥೆ ಹೇಳುತ್ತಿತ್ತು. ಪಿಸ್ಟನ್ ಆಗಲೇ ಮೇಲಿನ ತುದಿ ಮುಟ್ಟಿ ಸ್ವಲ್ಪ ಇಳಿದಿತ್ತು. ಗಾಲಿ ಹಿಂದೆ ಉಳಿದಿದೆ, ಕ್ರ್ಯಾಂಕ್ ಮುಂದೆ ಹೋಗಿದೆ.

ಬಾಸ್‌ನ ತೂತುಗಳಿಗೆ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ, ಅದನ್ನು ನೆಲಕ್ಕೆ ಆನಿಸಿ, 21 ಎಂಎಂ ಸಾಕೆಟ್‌ಗೆ ಉದ್ದದ ಬಾರ್ ಸಿಕ್ಕಿಸಿದೆ. ಈ ಬೋಲ್ಟ್ ಬಿಚ್ಚಲು ಮೈ ಭಾರವೆಲ್ಲ ಹಾಕಬೇಕು ಅಂತ ಕೇಳಿದ್ದೆ, ಕಾಲನ್ನು ಗಟ್ಟಿಯಾಗಿ ಊರಿಕೊಂಡೆ. ಒಂದು ಕೈಯಲ್ಲಿ ಎಳೆದರೆ ಬಂದುಬಿಟ್ಟಿತು. ಸೈಕಲ್ ಚಕ್ರದ ನಟ್ ಬಿಚ್ಚಿದ ಹಾಗೆ. ಆಗಲೇ ಹೊಟ್ಟೆಯಲ್ಲಿ ಒಂಥರಾ ಆಯಿತು.

ಬಾಸ್ ಕೈಗೆ ಬಂತು. ಅದರ ಒಳಗೆ ಸುತ್ತಲೂ ಕಾವಿ ಬಣ್ಣದ ನುಣ್ಣನೆ ಪುಡಿ. ಲೋಹಕ್ಕೆ ಲೋಹ ಉಜ್ಜಿ ಉಜ್ಜಿ, ಆ ಚೂರು ತುಕ್ಕು ಹಿಡಿದು ಆದ ಪುಡಿ ಅದು. ಬೆರಳಿಗೆ ಹಚ್ಚಿ ಉಜ್ಜಿದರೆ ರಂಗೋಲಿ ಪುಡಿಗಿಂತ ನಯ. ಗಾಲಿಯನ್ನು ಹಿಡಿದು ಅಲ್ಲಾಡಿಸಿದೆ. ಟಕ್, ಟಕ್. ಎರಡೂ ಕಡೆ ಆಟ. ಕೀಯನ್ನು ಚಿಮಟದಲ್ಲಿ ಎಳೆದು ಅಂಗೈಯಲ್ಲಿ ಇಟ್ಟುಕೊಂಡೆ. ಕಿರುಬೆರಳಿನ ಉಗುರಿನಷ್ಟು ಉಕ್ಕಿನ ತುಂಡು. ಮೂರು ಬದಿ ಕಪ್ಪಗೆ, ಹೊಸದರ ಹಾಗೆಯೇ ಇತ್ತು. ನಾಲ್ಕನೇ ಬದಿ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಅದರ ನಡುವೆ ಒಂದು ಮೆಟ್ಟಿಲು ಬಿದ್ದಿತ್ತು. ಉಗುರು ತಾಗಿಸಿ ಎಳೆದರೆ ಆ ಮೆಟ್ಟಿಲಿಗೆ ಸಿಕ್ಕಿ ನಿಲ್ಲುತ್ತಿತ್ತು.

ಕೀ ಹೋದರೆ ಹೋಗಲಿ, ಹೊಸದು ತರಬಹುದು. ಭಯ ಇದ್ದದ್ದು ಮೂಗಿನ ಗಾಡಿಯದು. ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಹಾಕಿ ನೋಡಿದೆ. ಗಾಡಿಯ ಬಾಯಿಯ ಹತ್ತಿರ ಒಂದು ಕಡೆಯ ಗೋಡೆ 0.3 ಎಂಎಂ ತಿಂದುಹೋಗಿತ್ತು. ಒಳಗಿನ ಅರ್ಧ ಚೆನ್ನಾಗಿತ್ತು. ಎದುರಿನ ಗೋಡೆಗೆ ಏನೂ ಆಗಿರಲಿಲ್ಲ.

ಆವತ್ತು ಸಂಜೆ ಊರಿಗೆ ಫೋನ್ ಮಾಡಿ ಮಾವನ ಹತ್ತಿರ ಮಾತಾಡಿದೆ. ಮಾವನದು ಮೂವತ್ತು ವರ್ಷ ಹಿಟ್ಟಿನ ಗಿರಣಿ. ಚಿಕ್ಕವನಿದ್ದಾಗ ರಜೆಯಲ್ಲಿ ಅಲ್ಲೇ ಬಿದ್ದಿರುತ್ತಿದ್ದೆ. ಮೋಟಾರಿನ ಪುಲ್ಲಿಯ ಕೀ ಲೂಸಾದರೆ ಮಾವ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಕೀ ಪಕ್ಕಕ್ಕೆ ತೂರಿಸಿ, ಸುತ್ತಿಗೆಯಲ್ಲಿ ಎರಡು ಕುಟ್ಟುತ್ತಿದ್ದರು. ಆಮೇಲೆ ಪುರುಸೊತ್ತು ಮಾಡಿಕೊಂಡು ಲೇತ್ ಅಂಗಡಿಗೆ ಹೋಗುತ್ತಿದ್ದರು. ವಿಷಯ ಎಲ್ಲ ಕೇಳಿ ಅವರು ಹೇಳಿದ್ದು ಒಂದೇ ಮಾತು. ‘ಕೀ ತಿಂದಿದೆ ಅಂದ್ರೆ ಕೀ ತಪ್ಪಲ್ಲ ಕಣೋ. ಬೋಲ್ಟ್ ಬಿಗಿ ಇರಲಿಲ್ಲ.’ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಕೂತು, ಮಿಯಾಟಾ ಅನ್ನುವ ಹೆಸರನ್ನೇ ಕೇಳದ ಮನುಷ್ಯ ನೇರ ರೋಗದ ಮೇಲೆ ಬೆರಳಿಟ್ಟರು.

ಏನು ಮಾಡುವುದು

ದಾರಿಗಳು ಹಲವು ಇದ್ದವು. ಉದ್ದ ಮೂಗಿನ 1.6 ಎಂಜಿನ್ ಹುಡುಕಿ ಹಾಕುವುದು. 1994ರಿಂದ ಬಂದ 1.8 ಎಂಜಿನ್ ಹಾಕುವುದು, ತುಂಬ ಜನ ಇದನ್ನೇ ಮಾಡುತ್ತಾರೆ, ಪವರ್ ಕೂಡ ಜಾಸ್ತಿ. ಎಂಜಿನ್ ಇಳಿಸಿ ಕ್ರ್ಯಾಂಕ್ ಬದಲಿಸುವುದು. ಗಾಡಿಗೆ ವೆಲ್ಡ್ ತುಂಬಿ ಮತ್ತೆ ಕೊರೆಸುವುದು. ಇಲ್ಲವೇ ಇಲ್ಲಿಯ ಮಿಯಾಟಾ ಮಂದಿ ವರ್ಷಗಳಿಂದ ಮಾಡಿಕೊಂಡು ಬಂದ ಲಾಕ್‌ಟೈಟ್ ರಿಪೇರಿ.

ನನ್ನ ಎಂಜಿನ್‌ನ ಕಂಪ್ರೆಷನ್ ನಾಲ್ಕೂ ಸಿಲಿಂಡರ್‌ನಲ್ಲಿ ಒಂದೇ ಸಮ ಇತ್ತು. ಎಣ್ಣೆ ಕುಡಿಯುತ್ತಿರಲಿಲ್ಲ. ಉಗುರಿನಷ್ಟು ಉಕ್ಕಿಗೋಸ್ಕರ ಇಂಥ ಎಂಜಿನ್ ಎಸೆಯುವುದಕ್ಕೆ ಮನಸ್ಸು ಒಪ್ಪಲಿಲ್ಲ. ಕಾರು ಹುಟ್ಟಿದ ಎಂಜಿನ್ ಕಾರಿನಲ್ಲೇ ಇರಲಿ ಅನ್ನುವ ಆಸೆಯೂ ಇತ್ತು. ವೆಲ್ಡ್ ಮಾಡಿಸಿದರೆ ಆ ಕಾವಿಗೆ ಮೂಗು ಸೊಟ್ಟಗಾಗುವ ಅಪಾಯ ಇದೆ.

ಲಾಕ್‌ಟೈಟ್ 660 ಅನ್ನುವುದು ಬೂದು ಬಣ್ಣದ ಪೇಸ್ಟ್, ಹಲ್ಲುಜ್ಜುವ ಪೇಸ್ಟಿಗಿಂತ ಸ್ವಲ್ಪ ಗಟ್ಟಿ. ಸವೆದ ಶಾಫ್ಟಿಗೆ ಬೇರಿಂಗ್ ಕೂರಿಸಲು ಕಾರ್ಖಾನೆಗಳಲ್ಲಿ ಬಳಸುವಂಥದ್ದು. ಗಾಳಿ ಇದ್ದ ಕಡೆ ಅದು ಹಸಿಯಾಗೇ ಇರುತ್ತದೆ. ಎರಡು ಲೋಹದ ನಡುವೆ ಗಾಳಿ ಸಿಗದೆ ಸಿಕ್ಕಿಕೊಂಡಾಗ ಗಟ್ಟಿಯಾಗುತ್ತದೆ. ಅರ್ಧ ಎಂಎಂವರೆಗಿನ ಸಂದು ತುಂಬುತ್ತದೆ. ನನ್ನದು 0.3. ಇದಕ್ಕಿಂತ ಜಾಸ್ತಿ ತಿಂದುಹೋಗಿದ್ದರೆ, ಅಥವಾ ಮೂಗಿನಲ್ಲಿ ಬಿರುಕು ಇದ್ದಿದ್ದರೆ ಈ ದಾರಿಗೆ ನಾನು ಹೋಗುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಗಾಡಿಯ ಮೂಲೆಗಳನ್ನು ಹತ್ತು ನಿಮಿಷ ನೋಡಿದೆ. ಬಿರುಕು ಇರಲಿಲ್ಲ.

ಹೊಸ ಕೀ, ಹೊಸ ಹಲ್ಲಿನ ಗಾಲಿ, ಹೊಸ ಬಾಸ್, ಹೊಸ ಬೋಲ್ಟ್, ಇವಿಷ್ಟನ್ನೂ ಮಜ್ದಾದ್ದೇ ತರಿಸಿದೆ. ಇಲ್ಲಿ ದುಡ್ಡು ಉಳಿಸಬಾರದು. ಹಳೆ ಬೋಲ್ಟ್ ಒಮ್ಮೆ ಹಿಗ್ಗಿದ್ದು, ಅದನ್ನು ಮತ್ತೆ ನಂಬುವ ಹಾಗಿಲ್ಲ. ಹೇಗೂ ಎದೆ ಬಿಚ್ಚಿದೆ ಅಂತ ಬೆಲ್ಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಕ್ಯಾಮ್ ಸೀಲುಗಳು, ಕ್ರ್ಯಾಂಕ್ ಸೀಲ್ ಕೂಡ ತರಿಸಿದೆ. ಇಷ್ಟು ಹಳೆಯ ಕಾರಿಗೆ ಕೌಂಟರಿನಲ್ಲಿ ನಿಂತು ಕೇಳಿದರೆ ಕೀ ಸಿಗುತ್ತದೆ ಅನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ. 2017ರಲ್ಲಿ ಮಜ್ದಾ ಈ ಮೊದಲ ತಲೆಮಾರಿನ ಕಾರುಗಳನ್ನು ತಾನೇ ಹೊಸದಾಗಿ ಮಾಡಿಕೊಡುವ ಯೋಜನೆಯನ್ನು ಜಪಾನಿನಲ್ಲಿ ಪ್ರಕಟಿಸಿತು. ಮೇಲ್ಛಾವಣಿ, ನಾರ್ಡಿ ಕಂಪನಿಯ ಮರದ ಸ್ಟೀರಿಂಗ್, ಕೊನೆಗೆ ಆ ಕಾಲದ 185/60ಆರ್14 ಅಳತೆಯ ಬ್ರಿಜ್‌ಸ್ಟೋನ್ ಟೈರನ್ನೂ ಮತ್ತೆ ಮಾಡಿಸಿತು. ತಾವು ಮಾರಿದ ಕಾರನ್ನು ಮೂವತ್ತು ವರ್ಷದ ಮೇಲೂ ತಮ್ಮದು ಅಂದುಕೊಳ್ಳುವುದು ದೊಡ್ಡ ಮಾತು.

ಎರಡನೇ ಶನಿವಾರ: ಅಂಟಿಸಿದ್ದು

ಕೆಲಸದಲ್ಲಿ ಮುಕ್ಕಾಲು ಭಾಗ ಒರೆಸುವುದೇ. ಮೂಗಿನ ಮೇಲೆ ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಪೇಸ್ಟ್ ಹಿಡಿಯುವುದಿಲ್ಲ. ಗಾಡಿಯ ಅಂಚಿನಲ್ಲಿ ಎದ್ದಿದ್ದ ಸಿಬಿರನ್ನು ನಯ ಅರದಿಂದ ಹಗುರವಾಗಿ ತೆಗೆದೆ, ಗೋಡೆಗೆ ಅರ ತಾಗಿಸಲಿಲ್ಲ. ಬ್ರೇಕ್ ಕ್ಲೀನರ್ ಹೊಡೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ನೋಡುವುದು. ಕಪ್ಪಾಯಿತಾ, ಮತ್ತೆ ಒರೆಸುವುದು. ಏಳನೇ ಸಲ ಬಟ್ಟೆ ಬೆಳ್ಳಗೆ ಬಂತು. ಬೋಲ್ಟ್ ಹೋಗುವ ಥ್ರೆಡ್ ಒಳಗೂ ಕ್ಲೀನರ್ ಹೊಡೆದು, ಗಾಳಿ ಊದಿ ಒಣಗಿಸಿದೆ. ಹೊಸ ಕ್ರ್ಯಾಂಕ್ ಸೀಲ್ ಅನ್ನು ಮೊದಲೇ ಕೂರಿಸಿ, ಅದರ ತುಟಿಗೆ ಪೇಸ್ಟ್ ತಾಗದ ಹಾಗೆ ಟೇಪ್ ಮುಚ್ಚಿದೆ.

ಆಮೇಲೆ ಪೇಸ್ಟ್ ಇಲ್ಲದೆ ಮೂರು ಸಲ ಜೋಡಿಸಿ ನೋಡಿದೆ. ಪೇಸ್ಟ್ ಹಾಕಿದ ಮೇಲೆ ನಿಂತು ಯೋಚನೆ ಮಾಡುವಷ್ಟು ಸಮಯ ಸಿಗುವುದಿಲ್ಲ. ಕೈಗೆ ಅಭ್ಯಾಸ ಆಗಿರಬೇಕು.

ಎಷ್ಟು ಅಭ್ಯಾಸ ಮಾಡಿದರೂ ಮೊದಲ ಸಲ ತಪ್ಪಿತು. ಗಾಲಿ ಒಳಗೆ ತಳ್ಳುವಾಗ ಕೀ ಅದರ ಜೊತೆ ಹಿಂದಕ್ಕೆ ಜಾರಿ ಓರೆಯಾಯಿತು. ಬಲವಂತ ಮಾಡಿ ಬೋಲ್ಟ್ ಹಾಕಿದ್ದರೆ ಗಾಲಿ ಸೊಟ್ಟಗೆ ಕೂತಿರುತ್ತಿತ್ತು. ಎಲ್ಲ ಹೊರಗೆ ತೆಗೆದೆ. ಮತ್ತೆ ಕ್ಲೀನರ್, ಮತ್ತೆ ಬಿಳಿ ಬಟ್ಟೆ. ಒಂದು ಗಂಟೆ ಹೋಯಿತು. ಎರಡನೇ ಸಲ ಗಾಲಿಯನ್ನು ಮೊದಲು ಸುಮ್ನೆ ಮುಕ್ಕಾಲು ಭಾಗ ಕೂರಿಸಿ, ಗಾಡಿಗೆ ಪೇಸ್ಟ್ ತುಂಬಿ, ಕೀಯನ್ನು ಮುಂದಿನಿಂದ ತೂರಿಸಿ, ಎರಡನ್ನೂ ಒಟ್ಟಿಗೆ ತಳ್ಳಿದೆ. ಬೂದು ಪೇಸ್ಟ್ ಸುತ್ತಲೂ ಉಕ್ಕಿ ಬಂತು, ದೋಸೆ ಅಂಚಿನಲ್ಲಿ ತುಪ್ಪ ಬಂದ ಹಾಗೆ. ಹಾಗೆ ಉಕ್ಕಿದರೆ ಒಳಗೆ ಸಂದು ತುಂಬಿದೆ ಅಂತ ಲೆಕ್ಕ.

ಈಗ ಮುಖ್ಯವಾದದ್ದು ಒಂದಿದೆ. ತಿಂದುಹೋಗಿರುವುದು ಗಾಡಿಯ ಒಂದೇ ಗೋಡೆ. ಕೀ ಕೂರಬೇಕಾದದ್ದು ಕೆಡದ ಗೋಡೆಗೆ ಒರಗಿ. ಕ್ರ್ಯಾಂಕ್ ಹಿಂದಿನಿಂದ ಕೀಯನ್ನು ನೂಕಿಕೊಂಡು ಹೋಗುತ್ತದೆ, ಅದಕ್ಕೆ ಹಿಂದಿನ ಗೋಡೆ ಸವೆಯುತ್ತದೆ, ಮುಂದಿನದು ಉಳಿಯುತ್ತದೆ. ಹಾಗಾಗಿ ಗಾಲಿಯನ್ನು ಎಂಜಿನ್ ತಿರುಗುವ ದಿಕ್ಕಿಗೇ, ಅಂದರೆ ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಒತ್ತಿ ಹಿಡಿದುಕೊಂಡೇ ಬಾಸ್ ಕೂರಿಸಿ ಬೋಲ್ಟ್ ಬಿಗಿ ಮಾಡಬೇಕು. ಉಳಿದ ಸಂದನ್ನು ಪೇಸ್ಟ್ ತುಂಬಿಕೊಳ್ಳುತ್ತದೆ. ಇದನ್ನು ಉಲ್ಟಾ ಮಾಡಿದರೆ ತಪ್ಪಾದ ಟೈಮಿಂಗನ್ನೇ ಶಾಶ್ವತವಾಗಿ ಅಂಟಿಸಿದ ಹಾಗೆ ಆಗುತ್ತದೆ. ಮಗಳು ಪಕ್ಕದಲ್ಲಿ ನಿಂತು ಕಬ್ಬಿಣದ ಪಟ್ಟಿ ಹಿಡಿದುಕೊಂಡಳು. ನಾನು ಒಂದು ಕೈಯಲ್ಲಿ ಗಾಲಿ ಒತ್ತಿ, ಇನ್ನೊಂದು ಕೈಯಲ್ಲಿ ಬೋಲ್ಟ್ ತಿರುಗಿಸಿದೆ.

ಬಿಗಿಯ ಲೆಕ್ಕ ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಜನ ಇಲ್ಲೇ ಎಡವುತ್ತಾರೆ. ಗಿಡ್ಡ ಮೂಗಿಗೆ 108ರಿಂದ 118 ನ್ಯೂಟನ್ ಮೀಟರ್. ಉದ್ದ ಮೂಗಿಗೆ 157ರಿಂದ 166. ಪುಸ್ತಕದಲ್ಲಿ ತಪ್ಪು ಪುಟ ತೆರೆದರೆ ಗಿಡ್ಡ ಮೂಗಿನ ಬೋಲ್ಟ್‌ಗೆ ಒಂದೂವರೆಪಟ್ಟು ಬಲ ಬೀಳುತ್ತದೆ. ನಾನು ಬಿಗಿಯ ಬಲ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ 113 ಇಟ್ಟು ಬಿಗಿ ಮಾಡಿದೆ. ಟಕ್ ಅಂದಿತು. ಉಕ್ಕಿದ ಪೇಸ್ಟ್ ಒರೆಸಿದೆ. ಗ್ಯಾರೇಜ್ ಬಾಗಿಲು ಎಳೆದು, ನಾಳೆ ಇದೇ ಹೊತ್ತಿನವರೆಗೆ ಎಂಜಿನ್ ಯಾರೂ ಮುಟ್ಟಬಾರದು ಅಂತ ಮಗಳ ಕೈಯಲ್ಲೇ ಒಂದು ಚೀಟಿ ಬರೆಸಿ ಅಂಟಿಸಿದೆ. 24 ಗಂಟೆ.

ಭಾನುವಾರ: ಹತ್ತೊಂಬತ್ತು ಹಲ್ಲು

ಹಿಂದಿನ ದಿನದ ಹೊತ್ತು ಮುಗಿಯುವವರೆಗೆ ಕಾದು, ಮೊದಲು ಗಾಲಿ ಹಿಡಿದು ಅಲ್ಲಾಡಿಸಿದೆ. ಟಕ್ ಇಲ್ಲ. ಮೂಗಿನ ಜೊತೆಯಲ್ಲೇ ಎರಕ ಹೊಯ್ದ ಹಾಗೆ ಕೂತಿತ್ತು. ಮರದ ಕಡ್ಡಿ ಇಟ್ಟು ನೋಡಿದರೆ ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗಲೇ ಗಾಲಿಯ ಗುರುತು ಆಯಿಲ್ ಪಂಪ್ ಮೇಲಿನ ಗುರುತಿಗೆ ನೇರ ಇತ್ತು.

ವಾಟರ್ ಪಂಪ್, ಸೀಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹಳೆ ಗ್ಯಾಸ್ಕೆಟ್ ಕೆರೆಯುವ ಕೆಲಸ ಎಲ್ಲ ಕಾರಿನಲ್ಲೂ ಒಂದೇ. ಬೆಲ್ಟ್ ಕೂರಿಸುವಾಗ ಐ ಗುರುತಿಗೂ ಇ ಗುರುತಿಗೂ ನಡುವೆ ಬೆಲ್ಟ್‌ನ 19 ಹಲ್ಲು ಬರಬೇಕು. ನನ್ನದು ಮೊದಲ ಸಲ 20 ಬಂತು. ಎಕ್ಸಾಸ್ಟ್ ಕ್ಯಾಮ್ ಅನ್ನು ವ್ರೆಂಚ್‌ನಲ್ಲಿ ಒಂದು ಹಲ್ಲು ಸರಿಸಿ ಮತ್ತೆ ಹಾಕಿದೆ. ನಾನು ಎಣಿಸಿದೆ, ಮಗಳು ಎಣಿಸಿದಳು, ಹೆಂಡತಿಯನ್ನು ಕರೆದು ಎಣಿಸಲು ಹೇಳಿದೆ. ಮೂವರಿಗೂ 19. ಟೆನ್ಷನರ್ ಸ್ಪ್ರಿಂಗ್ ಬಿಟ್ಟು, ಎಂಜಿನ್ ಅನ್ನು ಕೈಯಲ್ಲೇ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ತಿರುಗಿಸಿ, ಟೆನ್ಷನರ್ ಬಿಗಿ ಮಾಡಿ, ಮತ್ತೆ ತಿರುಗಿಸಿ ಗುರುತು ನೋಡಿದೆ. ಮತ್ತೆ 19.

ಈ 1.6 ಎಂಜಿನ್‌ನ ಒಂದು ಒಳ್ಳೆಯ ಗುಣ ಏನಂದರೆ, ಬೆಲ್ಟ್ ಹರಿದರೂ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುವುದಿಲ್ಲ. ಅದೊಂದು ಧೈರ್ಯ ಇದ್ದದ್ದಕ್ಕೆ ನಾನು ಈ ಕೆಲಸಕ್ಕೆ ಒಬ್ಬನೇ ಕೈ ಹಾಕಿದ್ದು.

ಹಿಂದುಗಡೆ ಇನ್ನೊಂದು ಕೆಲಸ ಇತ್ತು. ಎಂಜಿನ್ ತಲೆಯ ಹಿಂದೆ, ಕ್ಯಾಮ್ ಶಾಫ್ಟ್‌ನ ತುದಿಯಲ್ಲಿ, ಕ್ಯಾಮ್ ಆಂಗಲ್ ಸೆನ್ಸರ್ ಇದೆ. ಕಿಡಿ ಯಾವಾಗ ಹಾರಿಸಬೇಕು ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಇದರಿಂದ. ಅದರ ಒಂದು ಓ ರಿಂಗ್, ಅಂದರೆ ರಬ್ಬರ್ ಬಳೆ, ವಯಸ್ಸಾದ ಮೇಲೆ ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗಿ ಎಣ್ಣೆ ಬಿಡುತ್ತದೆ. ಎಣ್ಣೆ ಎಂಜಿನ್ ಹಿಂದಿನಿಂದ ಇಳಿದು ಗೇರ್‌ಬಾಕ್ಸ್ ಸಂದಿನಲ್ಲಿ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಹಿಂದಿನ ದೊಡ್ಡ ಸೀಲ್ ಹೋಗಿದೆ ಅನಿಸುತ್ತದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಯಾರಾದರೂ ಈ ಓ ರಿಂಗ್ ನೋಡಲಿ ಅಂತ ನನ್ನ ಕೋರಿಕೆ. ಬೆಲೆ ಒಂದು ಕಾಫಿಯಷ್ಟೂ ಇಲ್ಲ. ಬೋಲ್ಟ್ ಮಾತ್ರ ಕೈಗೆ ಎಟಕುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ಬೆರಳ ತುದಿಯಲ್ಲೇ ಹುಡುಕಬೇಕು. ನನ್ನ ಹಳೆ ರಿಂಗ್ ಹೊರಗೆ ತೆಗೆಯುವಾಗ ಮೂರು ತುಂಡಾಯಿತು.

ಸಂಜೆ ಏಳಕ್ಕೆ ಬೀಗ ತಿರುಗಿಸಿದೆ. ಎರಡನೇ ಸುತ್ತಿಗೇ ಹತ್ತಿಕೊಂಡಿತು. ಮೇಲುಗಡೆ ಹೈಡ್ರಾಲಿಕ್ ಲಿಫ್ಟರುಗಳು ಒಂದೆರಡು ನಿಮಿಷ ಟಿಕಟಿಕ ಅಂದು, ಎಣ್ಣೆ ತುಂಬಿದ ಮೇಲೆ ಸುಮ್ಮನಾದವು. ಬಿಸಿಯಾಗಲು ಬಿಟ್ಟು, ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಂತ ಬರೆದ ಎರಡು ತೂತುಗಳಿಗೆ ತಂತಿ ಹಾಕಿದೆ. ಹೀಗೆ ಮಾಡಿದರೆ ಕಂಪ್ಯೂಟರ್ ತನ್ನ ಕಡೆಯಿಂದ ಟೈಮಿಂಗ್ ಬದಲಿಸುವುದನ್ನು ನಿಲ್ಲಿಸುತ್ತದೆ. ಐಡಲ್ 850 ಆರ್‌ಪಿಎಂ. ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ ಲೈಟ್ ಹಿಡಿದೆ. ಗೀರು 10ಕ್ಕೆ ಬಂದು ನಿಂತಿತು. ಕೇಬಲ್ ಎಳೆದು ಬಿಟ್ಟೆ. ಮತ್ತೆ 10. ಐದು ನಿಮಿಷ ಹಾಗೇ ನೋಡುತ್ತಾ ಕೂತಿದ್ದೆ. ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಕಣ್ಣಲ್ಲಿ ನೀರು ಬಂತು, ಹೇಳುವುದಕ್ಕೆ ಸಂಕೋಚ ಇಲ್ಲ.

ಪುಲ್ಲಿ ಹಾಕುವ ಮೊದಲೇ ಬೋಲ್ಟ್ ತಲೆಯಿಂದ ಬಾಸ್ ಮೇಲೆ ಹಾಯುವ ಹಾಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿದ್ದೆ. ಬೋಲ್ಟ್ ಸ್ವಲ್ಪ ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ.

ಆಮೇಲಿನ ಸಣ್ಣಪುಟ್ಟ ಕೆಲಸ

ಸೀಟಿನ ಹಿಂದೆ, ಮೇಲ್ಛಾವಣಿಯ ನೀರು ಇಳಿದುಹೋಗುವ ಕೊಳವೆಗಳಿವೆ. ಅವು ಎಲೆ ಕಸಕ್ಕೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಲ್ಲಿ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಮಿಯಾಟಾ ಸಾಯುವುದು ಎಂಜಿನ್ ಕೆಟ್ಟು ಅಲ್ಲ, ಹೀಗೆ. ದಪ್ಪ ನೈಲಾನ್ ದಾರ ಹಾಕಿ ಹಿಂದೆ ಮುಂದೆ ಆಡಿಸಿ, ಒಂದು ಚೊಂಬು ನೀರು ಸುರಿದು, ಚಕ್ರದ ಮುಂದೆ ನೀರು ಬೀಳುವುದನ್ನು ನೋಡಿದೆ. ವರ್ಷಕ್ಕೆ ಎರಡು ಸಲ ಇದನ್ನು ಮಾಡಲೇಬೇಕು.

ಮಾಡಿಫಿಕೇಷನ್ ಬಗ್ಗೆ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಟರ್ಬೊ ಹಾಕು ಅನ್ನುತ್ತಾರೆ. ಇನ್ನು ಕೆಲವರು ಕೂಲೆಂಟ್ ದಾರಿ ಬದಲಿಸು ಅನ್ನುತ್ತಾರೆ. ಅದರಲ್ಲಿ ನ್ಯಾಯ ಇದೆ. ಈ ಎಂಜಿನ್ ಮೂಲದಲ್ಲಿ ಮಜ್ದಾ 323ರಲ್ಲಿ ಅಡ್ಡ ಕೂತಿದ್ದದ್ದು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿದಾಗ ಥರ್ಮೋಸ್ಟಾಟ್ ಮುಂದಕ್ಕೆ ಬಂತು, ನೀರು ಹಿಂದಿನ ಸಿಲಿಂಡರುಗಳ ಕಡೆ ಕಡಿಮೆ ಸುತ್ತುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರು, ಟರ್ಬೊ ಹಾಕಿದವರು ಖಂಡಿತ ಬದಲಿಸಲಿ. ನನ್ನ ಓಡಾಟಕ್ಕೆ ಬೇಕಿಲ್ಲ. ಅದೂ ಅಲ್ಲದೆ ಗಿಡ್ಡ ಮೂಗಿಗೆ ಟರ್ಬೊ ಭಾರ ಹೊರಿಸುವುದು ನನ್ನ ಮಟ್ಟಿಗೆ ಅನ್ಯಾಯ. ನಾನು ಬದಲಿಸಿದ್ದು ಎರಡೇ, ಒಳ್ಳೆಯ ಟೈರು ಮತ್ತು ಹೊಸ ಶಾಕ್ ಅಬ್ಸಾರ್ಬರು.

ಗುಡ್ಡದ ದಾರಿ

ಅಕ್ಟೋಬರಿನಲ್ಲಿ, ಎಲೆಗಳು ಕೆಂಪಾದ ವಾರ, ಪಶ್ಚಿಮಕ್ಕೆ ಹೊರಟೆವು. ನಾನು ಮತ್ತು ಮಗಳು. ನಾರ್ತ್ ಕ್ಯಾರೊಲೈನಾ ಮತ್ತು ಟೆನೆಸ್ಸೀ ಗಡಿಯಲ್ಲಿ ಟೇಲ್ ಆಫ್ ದಿ ಡ್ರ್ಯಾಗನ್ ಅನ್ನುವ ರಸ್ತೆ ಇದೆ. 11 ಮೈಲಿಗೆ 318 ತಿರುವು ಅಂತ ಅಲ್ಲಿ ಹೇಳುತ್ತಾರೆ. ಆಗುಂಬೆ ಘಾಟಿ ಇಳಿದವರಿಗೆ ತಿರುವು ಹೊಸದಲ್ಲ, ಆದರೆ ಆಗುಂಬೆಯದು ಬಸ್ಸು ಎರಡು ಸಲ ತಿರುಗಿಸಿಕೊಳ್ಳಬೇಕಾದ ಕತ್ತರಿ ತಿರುವು. ಇಲ್ಲಿಯದು ಒಂದರ ಹಿಂದೆ ಒಂದು ಹರಿಯುವ ತಿರುವು, ನೀರು ಹೋದ ಹಾಗೆ. ಬ್ರೇಕ್ ಹಗುರವಾಗಿ ಮುಟ್ಟಿ, ಮೂರರಿಂದ ಎರಡಕ್ಕೆ ಇಳಿಸಿ, ಸ್ಟೀರಿಂಗ್ ತಿರುಗಿಸಿದರೆ ಕಾರು ಯೋಚನೆಯ ಜೊತೆಗೇ ತಿರುಗುತ್ತದೆ. ಮೊದಲು 4000 ಆರ್‌ಪಿಎಂ ಮೇಲೆ ಏದುಸಿರು ಬಿಡುತ್ತಿದ್ದ ಎಂಜಿನ್ ಈಗ 6500ರ ತನಕ ಹಾಡಿಕೊಂಡು ಹೋಗುತ್ತಿತ್ತು. ಮೇಲ್ಛಾವಣಿ ಮಡಚಿದ್ದೆವು. ಒದ್ದೆ ಎಲೆಯ ವಾಸನೆ, ಬ್ರೇಕಿನ ಬಿಸಿ ವಾಸನೆ ಎರಡೂ ಬರುತ್ತಿತ್ತು. ಮಗಳು ಪ್ರತಿ ತಿರುವನ್ನೂ ಎಣಿಸುತ್ತಿದ್ದಳು, ನೂರಾ ನಲವತ್ತರ ಹತ್ತಿರ ಲೆಕ್ಕ ತಪ್ಪಿತು.

ವಾಪಸು ಬಂದ ಮೇಲೆ ಮುಂದಿನ ಶನಿವಾರ ಪುಲ್ಲಿಯ ನಾಲ್ಕು ಬೋಲ್ಟ್ ಬಿಚ್ಚಿ ಟಾರ್ಚ್ ಹಿಡಿದೆ. ರಿಪೇರಿ ಮಾಡಿದ ಮೇಲೆ ಕಾರು 2,900 ಮೈಲಿ ಓಡಿತ್ತು. ಬೋಲ್ಟ್ ಮೇಲೆ ಧೂಳು ಕೂತಿತ್ತು. ಬೆರಳಲ್ಲಿ ಒರೆಸಿದೆ. ಬಿಳಿ ಗೆರೆ ಒಂದೇ ಗೆರೆಯಾಗಿತ್ತು. ಮಾವನಿಗೆ ಅದರ ಫೋಟೋ ಕಳಿಸಿದೆ.